ಮಾತುಗಲ್ಲು ಹತ್ತಿದ ಗುರುವಮ್ಮ

ಕಾಗೆಗಳಿನ್ನೂ ಬೆಳ್ಳಗಿದ್ದ ಕಾಲದ ಮಾತಿದು. ಏಳು ಬೆಟ್ಟ ದಾಟಿದರೆ ಹೊಂಬಾಳೆಪುರವೆಂಬ ರಾಜ್ಯ ಸಿಗುತ್ತಿತ್ತು. ಅಲ್ಲಿ ಅರಮನೆಯ ಅಂಗಳದ ನಡುವೆ ಒಂದು ಕಲ್ಲಿತ್ತು. ಅದರ ಹೆಸರು ಮಾತುಗಲ್ಲು. ಯಾರಿಗೆ ಏನೇ ಬೇಕಾದರೂ ಆ ಕಲ್ಲು ಹತ್ತಿ, ತುಂಬಿದ ಸಭೆಯ ಮುಂದೆ ಬಾಯಿಬಿಟ್ಟು ಕೇಳಬೇಕು. ಪಕ್ಕದ ಕೊಪ್ಪರಿಗೆಯ ನೀರಿನಲ್ಲಿ ತಳ ತೂತಾದ ಬಟ್ಟಲೊಂದನ್ನು ತೇಲಿಬಿಡುತ್ತಿದ್ದರು. ಅದು ಮುಳುಗುವುದರೊಳಗೆ ಹೇಳಿ ಮುಗಿಸಿದವರಿಗೆ ಕೇಳಿದ್ದು ಸಿಗುತ್ತಿತ್ತು. ಅರಸನ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ ಅದು.

ಆ ರಾಜ್ಯಕ್ಕೆ ಜಾಲಶಂಬರನೆಂಬ ಮಾಂತ್ರಿಕ ಬಂದ. ಅರಸನಿಗೆ ಮಂಕುಬೂದಿ ಎರಚಿ ಮಂತ್ರಿಯಾದ. ಮಾತುಗಲ್ಲಿನ ಬುಡಕ್ಕೆ ಎತ್ತಿನ ಗಾತ್ರದ ಉಡವೊಂದನ್ನು ತಂದು ಕಟ್ಟಿದ. ಬಾಯಿಪಾಠ ಮಾಡಿದ ಮಾತೇ ಅದರ ಆಹಾರ. ಯಾರಾದರೂ ಉರುಹೊಡೆದದ್ದನ್ನು ಒಪ್ಪಿಸತೊಡಗಿದರೆ ಉಡ ಬಾಯಿ ತೆರೆಯುತ್ತಿತ್ತು. ಮುಂದಿನ ಸಾಲು ಅವರ ತಲೆಯಿಂದ ಜಾರಿ ಅದರ ಹೊಟ್ಟೆ ಸೇರುತ್ತಿತ್ತು. ಬಟ್ಟಲು ಮುಳುಗಿದಾಗ ಮಾತು ಸಿಗದೆ ನಿಂತವರು ನಾಲಗೆಯಿಲ್ಲದ ಕಂಚಿನ ಗಂಟೆಯಾಗಿ ಜಾಲಶಂಬರನ ಮಂಟಪದಲ್ಲಿ ತೂಗಬೇಕು. ಈ ಕಟ್ಟಳೆ ಕೇಳಿಯೇ ಹೆದರಿ ಜನ ಕಲ್ಲು ಹತ್ತುವುದನ್ನು ಬಿಟ್ಟರು. ಕೇಳುವವರೇ ಇಲ್ಲದ ಮೇಲೆ ಮಾಂತ್ರಿಕ ಆಡಿದ್ದೇ ಆಟವಾಯಿತು.

ಆದರೂ ಕಲ್ಲು ಹತ್ತಿಸುವ ಹಟ ಬಿಡದವಳು ಒಬ್ಬಳಿದ್ದಳು. ಅವಳ ಹೆಸರು ಜಕ್ಕಬ್ಬೆ. ನಲವತ್ತು ವರ್ಷದಿಂದ ಊರ ಛತ್ರದಲ್ಲಿ ಮಕ್ಕಳಿಗೆ ಸಭೆಯಲ್ಲಿ ಮಾತಾಡುವ ವಿದ್ಯೆ ಕಲಿಸುತ್ತಿದ್ದಳು. ಎಲ್ಲರೂ ಅವಳನ್ನು ಗುರುವಮ್ಮ ಎನ್ನುತ್ತಿದ್ದರು. ಭಾಷಣ ಅವಳೇ ಬರೆದುಕೊಡುವಳು. ಶಿಷ್ಯರು ಒಂದಕ್ಷರ ತಪ್ಪದೆ ಒಪ್ಪಿಸಬೇಕು. ಯಾವ ಪದಕ್ಕೆ ಕೈ ಎತ್ತಬೇಕು, ಯಾವ ಪದಕ್ಕೆ ಕಣ್ಣು ಒದ್ದೆಯಾಗಬೇಕು, ಅದೂ ಓಲೆಯಲ್ಲೇ ಇರುತ್ತಿತ್ತು.

"ಆ ಉಡಕ್ಕೆ ಮಣ್ಣು ಮುಕ್ಕಿಸದೆ ಇದ್ರೆ ನಾನು ಜಕ್ಕಬ್ಬೆನೇ ಅಲ್ಲ" ಎಂದು ಅವಳು ತನ್ನ ಶಿಷ್ಯ ಬೊಪ್ಪನನ್ನು ಕಳಿಸಿದಳು. ಬೊಪ್ಪ ಗಂಟೆಯಾದ. "ಉರು ಗಟ್ಟಿಯಾಗಿರ್ಲಿಲ್ಲ" ಎಂದು ಮಾಳವ್ವೆಯಿಂದ ಎರಡು ಪಟ್ಟು ಬಾಯಿಪಾಠ ಮಾಡಿಸಿ ಕಳಿಸಿದಳು. ಮಾಳವ್ವೆಯೂ ಗಂಟೆಯಾದಳು. ಎರೆಯಂಗನಿಂದ ಮೂರು ಪಟ್ಟು ಮಾಡಿಸಿದಳು. ಉಡಕ್ಕೆ ಅವತ್ತು ಹಬ್ಬದೂಟ. ಉಡ ತಿನ್ನುವುದೇ ಬಾಯಿಪಾಠವನ್ನು ಎಂದು ಊರಿಗೆಲ್ಲ ಗೊತ್ತಿತ್ತು. ಜಕ್ಕಬ್ಬೆ ಮಾತ್ರ ನಂಬಲಿಲ್ಲ. ನಂಬಿದರೆ ನಲವತ್ತು ವರ್ಷದ ಪಾಠವೇ ತಪ್ಪೆಂದು ಒಪ್ಪಬೇಕಾಗುತ್ತಿತ್ತಲ್ಲ!

ಒಂದು ಬೆಳಿಗ್ಗೆ ಡಂಗುರ ಕೇಳಿಸಿತು. ಮೂರನೆಯ ದಿನ ಆ ಮೂರೂ ಗಂಟೆಗಳನ್ನು ಕರಗಿಸಿ ಜಾಲಶಂಬರನಿಗೆ ಪಾದುಕೆ ಎರಕ ಹೊಯ್ಯುತ್ತಾರಂತೆ. ಜಕ್ಕಬ್ಬೆ ಹೊಸಿಲ ಮೇಲೆ ಕುಸಿದು ಕೂತಳು. ಅವಳೇ ಹೋಗಿ ಕೇಳಬಹುದಿತ್ತಲ್ಲ ಅನ್ನುತ್ತೀರಾ? ಕೇಳಬಹುದಿತ್ತು. ಆದರೆ ಇಷ್ಟು ಜನಕ್ಕೆ ಕಲಿಸಿದವಳು ತಾನು ಒಂದು ಸಲವೂ ಆ ಕಲ್ಲು ಹತ್ತಿರಲಿಲ್ಲ. ಅವಳಿಗೆ ಭಯ. ಇದು ಅವಳ ನೆರಳಿಗೂ ಗೊತ್ತಿರಲಿಲ್ಲ.

ಅವಳು ಎದ್ದು ನೆಟ್ಟಗೆ ಬಳೆಗಾರರ ಕೇರಿಗೆ ನಡೆದಳು. ಅಲ್ಲಿ ದೇಕಿ ಎಂಬ ಹುಡುಗಿ ಮುದುಕಿಯೊಬ್ಬಳ ಕೈ ಹಿಡಿದು ಬಳೆ ಏರಿಸುತ್ತಾ ಮಾತಾಡುತ್ತಿದ್ದಳು. ಮುದುಕಿ ನಗುತ್ತಿದ್ದಳು, ಬಳೆ ಮಣಿಕಟ್ಟು ಸೇರಿದ್ದೇ ಅವಳಿಗೆ ತಿಳಿಯಲಿಲ್ಲ.

"ಗುರುವಮ್ಮ, ನೀವಾ? ನಾಲ್ಕು ಸಾಲು ನೆನಪಿರಲ್ಲ ಅಂತ ನನ್ನ ಆಚೆ ಹಾಕಿದ್ರಲ್ಲ?" ಎಂದಳು ದೇಕಿ.

"ಹಾಕಿದ್ದೆ ಕಣೆ. ಅದಕ್ಕೇ ಬಂದಿದೀನಿ. ಇಷ್ಟು ಮಾತು ನಿಂಗೆ ಎಲ್ಲಿಂದ ಬರುತ್ತೆ?"

"ಬರೋದೇನು ಬಂತು? ಯಾರ ಕೈ ಅಂತ ನೋಡ್ಬೇಕು. ಮಾತು ಆ ಕೈಯಲ್ಲೇ ಇರುತ್ತೆ."

ಜಕ್ಕಬ್ಬೆ ಗಂಟೆಗಳ ಸಂಗತಿ ಹೇಳಿದಳು. ದೇಕಿ ಬಳೆಯ ಮಲಾರ ಕೆಳಗಿಟ್ಟು, "ಕಲಿಸಿ, ಹೋಗ್ತೀನಿ" ಎಂದಳು. ಎರಡು ದಿನ ಪಾಠ ನಡೆಯಿತು. ಕಾಲೂರಿ ನಿಲ್ಲುವುದು, ಹೊಟ್ಟೆಯಿಂದ ಉಸಿರೆಳೆಯುವುದು, ಕಿರುಚದೆಯೇ ಕೊನೆಯ ಸಾಲಿನವರಿಗೂ ಕೇಳುವಂತೆ ದನಿ ತೂರುವುದು. ಓಲೆ ಬರೆದುಕೊಡಲು ಜಕ್ಕಬ್ಬೆಯ ಬೆರಳು ತುರಿಸುತ್ತಿತ್ತು, ಆದರೂ ತಡೆದುಕೊಂಡಳು.

ಮೂರನೆಯ ದಿನ ಇಬ್ಬರೂ ಅರಮನೆಗೆ ಹೋದರು. ಮೊದಲ ಬಾಗಿಲಲ್ಲಿ ಮಾಯಾಕೋತಿಗಳು ಕೂತಿದ್ದವು. ಬಂದವರು ಏನೇ ಹೇಳಿದರೂ ಹಾಗೇ ಅಣಕಿಸಿ ಬಿದ್ದು ಬಿದ್ದು ನಗುವುದು ಅವುಗಳ ಕೆಲಸ. ಅವಮಾನ ತಾಳದೆ ಎಷ್ಟೋ ಜನ ಅಲ್ಲಿಂದಲೇ ತಿರುಗಿ ಓಡಿದ್ದರು.

"ಅವುಗಳ ಮುಖ ನೋಡ್ಬೇಡ. ತಲೆ ಮೇಲೆ ನೋಡು" ಎಂದಳು ಜಕ್ಕಬ್ಬೆ.

ದೇಕಿ ಮುಖವನ್ನೇ ನೋಡಿದಳು. "ಏನಣ್ಣಾ, ಬೆಳಗಿಂದ ನಗ್ತಾ ಇದೀಯ, ದವಡೆ ನೋಯಲ್ವಾ? ಊಟ ಆಯ್ತಾ?" ಎಂದು ದೊಡ್ಡ ಕೋತಿಯನ್ನು ಕೇಳಿದಳು. ಆ ಕೋತಿಗೆ ಹುಟ್ಟಿದಾಗಿನಿಂದ ಯಾರೂ ಹಾಗೆ ಕೇಳಿರಲಿಲ್ಲ. ಅದು ನಾಚಿಕೊಂಡು ಬಾಲ ಮಡಚಿ ದಾರಿ ಬಿಟ್ಟಿತು.

ಎರಡನೆಯ ಬಾಗಿಲಲ್ಲಿ ಆಳೆತ್ತರದ ಕನ್ನಡಿ. ಅದರಲ್ಲಿ ನೋಡಿದವರಿಗೆ ತಮ್ಮ ನಡುಗುವ ಮೊಣಕಾಲು ಬಿಟ್ಟು ಬೇರೇನೂ ಕಾಣದು. ಇಲ್ಲಿ ದೇಕಿಯ ಧೈರ್ಯ ಜಾರಿತು. "ಗುರುವಮ್ಮ, ನನ್ನ ತುಟಿ ನೋಡಿ, ಹೆಂಗೆ ಒಣಗಿದೆ. ನನ್ನ ಕೈಲಾಗಲ್ಲ."

ಜಕ್ಕಬ್ಬೆ ಅವಳ ಬೆನ್ನಿಗೆ ಅಂಗೈ ಒತ್ತಿದಳು. "ನಡುಗಲಿ ಬಿಡು, ಕಾಲು ನಡುಗಿದ್ರೆ ನಾಲಗೆಗೇನು? ಉಸಿರೆಳಿ. ಈ ಕನ್ನಡಿ ಆಚೆ ಮೂರು ಜನ ಇದಾರೆ. ಅವರನ್ನ ಕರಿ."

ದೇಕಿ ಹೊಟ್ಟೆಯಿಂದ ಉಸಿರೆಳೆದು ಮೂವರ ಹೆಸರನ್ನೂ ಕೂಗಿದಳು. ಕನ್ನಡಿ ಸೀಳಿತು. ಇಬ್ಬರೂ ಒಳಗೆ ನಡೆದರು.

ದೇಕಿ ಕಲ್ಲು ಹತ್ತಿದಳು. ಬಟ್ಟಲು ತೇಲಿತು. ಉಡ ಬಾಯಿ ತೆರೆಯಿತು. ಅವಳು ಮೊದಲು ಸಭೆಯಲ್ಲಿದ್ದ ಒಂದೊಂದೇ ಮುಖ ನೋಡಿದಳು. ಆಮೇಲೆ ಅರಸನತ್ತ ತಿರುಗಿದಳು.

"ದೊರೆಯೇ, ನಾನು ಬಳೆ ಮಾರೋಳು. ಬೊಪ್ಪನ ತಾಯಿ ಈ ವರ್ಷ ಬಳೆ ಹಾಕಿಸ್ಕೊಂಡಿಲ್ಲ. ಮಗ ಬರ್ಲಿ ಅಂತಾಳೆ. ಆ ಮಂಟಪ ಕಾಯೋ ನಿಮ್ಮ ಭಟನೇ ಮಾಳವ್ವೆಯ ಸೋದರಮಾವ. ದಿನಾ ಆ ಗಂಟೆ ಕೆಳಗೇ ನಿಂತಿರ್ತಾನೆ, ತಲೆ ಎತ್ತಿ ನೋಡೋ ಹಾಗಿಲ್ಲ. ಎರೆಯಂಗನ ಅಜ್ಜ ಎರಡು ತಟ್ಟೆ ಹಾಕ್ಕೊಂಡು ಉಣ್ಣೋಕೆ ಕೂರ್ತಾನೆ. ಆ ಮೂವರನ್ನ ವಾಪಸ್ ಕೊಡಿ. ನಾನು ಕೇಳೋದು ಇಷ್ಟೇ."

ಮುಂದೆ ಯಾವ ಮಾತು ಬರುತ್ತದೆಂದು ದೇಕಿಗೇ ಗೊತ್ತಿರಲಿಲ್ಲ; ಉಡ ಕದಿಯುವುದಾದರೂ ಏನನ್ನು? ಹಸಿದು ಹಸಿದು ಅದು ಬೆಕ್ಕಿನಷ್ಟಾಯಿತು. ಅರಸ ಕಣ್ಣುಜ್ಜಿಕೊಂಡು, "ಕೊಡಿ" ಎಂದ.

ಜಾಲಶಂಬರ ನಕ್ಕ. "ಪ್ರಭು, ನಾನೇನು ಬಲವಂತ ಮಾಡಿದೆನೇ? ಬಾಯಿಪಾಠ ತಿನ್ನುವ ಪ್ರಾಣಿಯ ಮುಂದೆ ಬಾಯಿಪಾಠ ಹೊರಿಸಿ ಮಕ್ಕಳನ್ನು ಕಳಿಸಿದವರು ಯಾರು? ಅವರೇ ಈ ಕಲ್ಲಿನ ಮೇಲೆ ನಿಂತು ಉತ್ತರ ಹೇಳಲಿ. ಬಟ್ಟಲು ಇನ್ನೂ ಮುಳುಗಿಲ್ಲ."

ಅದು ದೇಕಿ ಕೊಡಬಹುದಾದ ಉತ್ತರವಾಗಿರಲಿಲ್ಲ. ಅವಳು ಕೆಳಗಿಳಿದು ಕೈ ನೀಡಿದಳು. ಜಕ್ಕಬ್ಬೆ ಆ ಕೈ ಹಿಡಿದು ಕಲ್ಲು ಹತ್ತಿದಳು.

ಸಾವಿರ ಕಣ್ಣು ಅವಳನ್ನೇ ನೋಡುತ್ತಿದ್ದವು. ಅವಳ ಬಾಯಿಂದ ಹೊರಟದ್ದು ನಲವತ್ತು ವರ್ಷ ಕಲಿಸಿದ ಸಾಲೇ: "ಸಕಲ ಗುಣಸಂಪನ್ನರೂ, ಸಮಸ್ತ..." ಉಡ ಗಬಕ್ಕನೆ ನುಂಗಿ ಮತ್ತೆ ಎತ್ತಿನಷ್ಟಾಯಿತು. ಮುಂದಿನ ಪದ ಇಲ್ಲ. ಅವಳ ಹಿಮ್ಮಡಿ ತಣ್ಣಗಾಯಿತು, ಕಂಚಾಯಿತು. ಬಟ್ಟಲಿನ ಅಂಚು ನೀರಿಗೆ ತಾಗಿತು.

ಆಗ ಜಕ್ಕಬ್ಬೆ ಸಭೆಯನ್ನು ಬಿಟ್ಟು ಮೂರು ಗಂಟೆಗಳ ಕಡೆ ತಿರುಗಿದಳು.

"ತಪ್ಪು ನಂದು ಮಕ್ಕಳೇ. ಊರೆಲ್ಲ ಹೇಳ್ತು, ನಾನು ಕೇಳ್ಲಿಲ್ಲ. ಕಲ್ಲು ಹತ್ತೋಕೆ ನಂಗೆ ಭಯ, ಅದಕ್ಕೇ ನಿಮ್ಮನ್ನ ಹತ್ತಿಸ್ತಿದ್ದೆ. ನನ್ನ ಮಾತನ್ನ ನಿಮ್ಮ ಬಾಯಿಗೆ ತುರುಕಿದೆ. ಬೊಪ್ಪಾ, ನಿಂಗೆ ಏನು ಹೇಳ್ಬೇಕು ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲವಲ್ಲೋ!"

ಬಟ್ಟಲು ಮುಳುಗಿತು. ಅಷ್ಟರಲ್ಲಿ ಅವಳ ಮಾತು ಮುಗಿದಿತ್ತು. ಹಿಮ್ಮಡಿ ಮತ್ತೆ ಬೆಚ್ಚಗಾಯಿತು.

ಜಾಲಶಂಬರ ಹಲ್ಲು ಕಡಿದು, ಗಂಟೆಗಳು ಎಂದೆಂದಿಗೂ ಗಂಟೆಗಳಾಗಿಯೇ ಉಳಿಯುವ ಮಂತ್ರ ಶುರುಮಾಡಿದ. ಮಂತ್ರವೆಂದ ಮೇಲೆ ಅದೂ ಬಾಯಿಪಾಠವೇ ತಾನೆ? ಉಡ ಅವನತ್ತ ಹೊರಳಿ, ಮಂತ್ರವನ್ನು ಕೊನೆಯ ಅಕ್ಷರದವರೆಗೂ ನುಂಗಿ ತೇಗಿತು. ಮಾಂತ್ರಿಕ ಬಾಯಿ ತೆರೆದುಕೊಂಡೇ ನಿಂತ. ನಿಂತಲ್ಲೇ ಗಂಟೆಯಾಗಿ ಠಣ್ಣೆಂದು ಉರುಳಿದ. ಮಾಡಿದ್ದುಣ್ಣೋ ಮಹಾರಾಯ! ಅವನ ಮಾಯೆ ಹರಿದದ್ದೇ ತಡ, ಮಂಟಪದಿಂದ ಮೂವರೂ ಕೆಳಕ್ಕೆ ಧುಮುಕಿದರು. ಉಡ ಕಾಡಿನ ದಾರಿ ಹಿಡಿಯಿತು.

ಅರಸ ಬೊಪ್ಪನನ್ನು ಕಲ್ಲಿನ ಮೇಲೆ ನಿಲ್ಲಿಸಿ, "ಏನು ಬೇಕೋ ಕೇಳಪ್ಪ" ಎಂದ.

ಬೊಪ್ಪ ಅರಸನಿಗೆ ವಂದಿಸಲಿಲ್ಲ. ಕೈ ಎತ್ತಲಿಲ್ಲ. ಮೂಗು ಒರೆಸಿಕೊಂಡ. "ನಂಗೆ... ಅದು... ನಂಗೆ ಅವ್ವನ್ನ ನೋಡ್ಬೇಕು" ಎಂದ. ದನಿ ನಡುವೆಯೇ ಒಡೆಯಿತು. ಇಡೀ ಸಭೆ ಕಣ್ಣೊರೆಸಿಕೊಂಡಿತು. ಮಾಯಾಕೋತಿಗಳೂ ಅತ್ತವು.

ಅಷ್ಟು ಚಿಕ್ಕ ಮಾತಿನಲ್ಲಿ ಜಕ್ಕಬ್ಬೆಗೆ ಐದು ತಪ್ಪು ಕಂಡವು. ಅವಳು ಒಂದನ್ನೂ ತಿದ್ದಲಿಲ್ಲ. ಹುಡುಗನನ್ನು ಎದೆಗೊತ್ತಿಕೊಂಡು, "ನನ್ನ ನಲವತ್ತು ವರ್ಷದಲ್ಲಿ ಇಷ್ಟು ಚೆನ್ನಾಗಿ ಯಾರೂ ಮಾತಾಡಿರ್ಲಿಲ್ಲ ಕಣೋ" ಎಂದಳು.

ಮಾರನೆಯ ದಿನದಿಂದ ಹೊಂಬಾಳೆಪುರದವರು ಕಲ್ಲು ಹತ್ತಲು ಸಾಲುಗಟ್ಟಿದರು; ಅರಸನ ಕಿವಿಗೆ ಬಿಡುವೇ ಇಲ್ಲದಾಯಿತು. ಎಲ್ಲರೂ ಹೊಟ್ಟೆ ತುಂಬ ಉಂಡು, ಬಾಯಿ ತುಂಬ ಮಾತಾಡಿಕೊಂಡು ಬಹುಕಾಲ ಸುಖವಾಗಿದ್ದರು.