ತಲೆಗೊಂದು ಹಿಡಿ, ಒಂದು ಕಡಿಮೆ

ಸೂಪಿನ ಪಾತ್ರೆಯಲ್ಲಿ ಸೌಟು ನೆಟ್ಟಗೆ ನಿಂತುಬಿಟ್ಟಿತು!

ನಾಲ್ಕು ತಲೆಮಾರಿನಲ್ಲಿ ಆ ಮನೆ ಇಂಥ ಅನಾಹುತವನ್ನು ಕಂಡಿರಲಿಲ್ಲ. ಭೂಕಂಪವಾಗಿ ಗೋಡೆ ಬಿದ್ದಿದ್ದರೂ ಮಾವನವರು ಊಟದ ಮೇಜು ಬಿಟ್ಟು ಏಳುವ ಆಸಾಮಿಯಲ್ಲ. ಸೌಟು ನಿಂತದ್ದು ನೋಡಿ ಎದ್ದು ನಿಂತರು. ಕೀರಲು ಗಂಟಲಿನ ಮೈದುನ, ಬಸ್ಸಿನಲ್ಲಿ ಹಗಲೆಲ್ಲ ಟಿಕೆಟ್ ಹರಿಯುವವನು, ಪಾತ್ರೆಯೊಳಗೆ ಬಗ್ಗಿ ನೋಡಿ, "ಅತ್ತಿಗೆ, ಇದಕ್ಕೆ ಚಮಚ ಸಾಲಲ್ಲ, ಗಾರೆ ಕರಣೆ ತರ್ಲಾ?" ಅಂದ. ಸೊಸೆ ಒಲೆಯ ಪಕ್ಕದಲ್ಲಿ ಸೆರಗಿಗೆ ಕೈ ಒರೆಸುತ್ತಲೇ ನಿಂತಿದ್ದಳು. ಒರೆಸಲು ಕೈಯಲ್ಲಿ ಏನೂ ಇರಲಿಲ್ಲ.

ಆ ಸೂಪಿನ ವಿಷಯ ಮೊದಲು ಹೇಳಿಬಿಡಬೇಕು. ಅದರ ವಾಸನೆಗೆ ಏಳು ಬೀದಿಯಾಚೆಯ ಬೆಕ್ಕುಗಳು ಮೀನು ತಿನ್ನುವುದನ್ನೇ ಬಿಟ್ಟಿದ್ದವು. ಮಾಂಸದ ಚೂರಿಲ್ಲ, ಎಲುಬಿಲ್ಲ, ತುಪ್ಪದ ಹನಿಯಿಲ್ಲ. ಕ್ಯಾರೆಟ್ಟಿನ ಜುಟ್ಟು, ಕೋಸಿನ ದಿಂಡು, ಬಟಾಣಿಯ ಸಿಪ್ಪೆ, ಹಳೇ ಬ್ರೆಡ್ಡಿನ ಅಂಚು, ಜೊತೆಗೆ ಬೇಳೆ. ಬೇರೆ ಮನೆಗಳಲ್ಲಿ ಕಸದ ಬುಟ್ಟಿಗೆ ಹೋಗುವುದೆಲ್ಲ ಈ ಮನೆಯಲ್ಲಿ ಬೆಳ್ಳಿ ಬಟ್ಟಲಿಗೆ ತಕ್ಕ ಊಟವಾಗುತ್ತಿತ್ತು ಎಂದರೆ ಉತ್ಪ್ರೇಕ್ಷೆಯೇನಲ್ಲ, ಬಟ್ಟಲು ಮಾತ್ರ ಪಿಂಗಾಣಿಯದು. ಮಾವನವರ ಮುತ್ತಜ್ಜಿ ಕಂಡುಹಿಡಿದದ್ದು. ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ಇಳಿದು ಬಂದದ್ದು. ಅದಕ್ಕೆ ಎರಡೇ ಕಟ್ಟಳೆ. ಮಾಡುವವಳು ಎಲ್ಲರೂ ಉಣ್ಣುವ ತನಕ ಸೌಟನ್ನು ಬಾಯಿಗೆ ತಾಗಿಸಬಾರದು. ಬೇಳೆ ತಲೆಗೊಂದು ಹಿಡಿ, ಅದರಲ್ಲಿ ಒಂದು ಕಡಿಮೆ.

ಆ 'ಒಂದು ಕಡಿಮೆ'ಯಲ್ಲೇ ಸೂಪಿನ ಜೀವ ಇದೆ ಎಂದು ಮಾವನವರು ಗಡಿಯಾರ ರಿಪೇರಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. ದಿನಕ್ಕೆ ಅರೆ ಸೆಕೆಂಡು ಹಿಂದೆ ಬೀಳುವ ಗಡಿಯಾರವನ್ನು ಕಿವಿಯಿಂದಲೇ ಪತ್ತೆ ಮಾಡುವ ಮಹಾನುಭಾವರು ಅವರು. ಅವರ ಮಾತನ್ನು ಯಾರು ಅಲ್ಲಗಳೆಯುತ್ತಾರೆ? ದೊಡ್ಡ ಮಗ ಗುಂಡಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನು, ಅಂಗಿಗೆ ಹಾಕುವ ಗುಂಡಿ ಮಾಡುವ ಕಾರ್ಖಾನೆ. ಅಲ್ಲಿ ಅವನ ಹೆಸರೇ ಸೌಟಪ್ಪ. ಮುನ್ನೂರು ಹೊಟ್ಟೆಗಳ ಸಾಲಿಗೆ ಬಡಿಸುತ್ತ, "ಇದೇನು ಊಟ? ನಮ್ಮ ಮನೆ ಸೂಪು ಕುಡಿದವರಿಗೆ ಮರುದಿನ ಸಂಜೆ ತನಕ ಹಸಿವೇ ಇಲ್ಲ" ಎಂದು ಕೊಚ್ಚಿಕೊಳ್ಳುತ್ತಿದ್ದ. ಮದುವೆಯಾಗಿ ಐದು ತಿಂಗಳಾಗಿದ್ದ ಅವನ ಹೆಂಡತಿ ಅದೇ ಕಾರ್ಖಾನೆಯಲ್ಲಿ ಗುಂಡಿ ಆರಿಸುವ ಕೆಲಸಕ್ಕಿದ್ದಳು.

ಸೌಟು ನೆಟ್ಟಗೆ ನಿಂತ ಆ ಸಂಜೆ ಅತ್ತೆ ಪಾತ್ರೆಯ ಮುಂದೆ ಬಂದು ನಿಂತರು.

"ಎಷ್ಟು ಹಿಡಿ ಹಾಕ್ದೆ?"

"ಐದು."

"ನಿಮ್ಮಮ್ಮ ಎಣಿಸೋದು ಕಲಿಸ್ಲಿಲ್ವಾ?"

"ಐದು ಜನ ಇದ್ದೀವಲ್ಲ ಅತ್ತೆ..."

ಅತ್ತೆಯ ಕೈ ಪಾತ್ರೆಯ ಕಿವಿಯ ಮೇಲೆ ಒಂದು ಕ್ಷಣ ನಿಂತಿತು. ಆಮೇಲೆ ಮುಖ ತಿರುಗಿಸಿ, ಈ ಮನೆಯಲ್ಲಿ ಐದು ಜನಕ್ಕೆ ನಾಲ್ಕು ಹಿಡಿ, ನಿಮ್ಮ ಮನೆಯ ದೊಡ್ಡಸ್ತಿಕೆ ಇಲ್ಲಿ ಬೇಡ ಎಂದರು. ಗಟ್ಟಿಯಾದದ್ದರಲ್ಲಿ ಒಂದು ಪಾಲನ್ನು ಬೇರೆ ಡಬ್ಬಿಗೆ ತೆಗೆದು ನಾಳೆಗೆಂದು ಎತ್ತಿಟ್ಟರು. ಮಿಕ್ಕದ್ದಕ್ಕೆ ನೀರು ಸುರಿದು ನಾಲ್ಕು ಬಟ್ಟಲಿಗೆ ತಾವೇ ಬಡಿಸಿದರು. ಗಂಡನಾದರೂ ಒಂದು ಮಾತು ಆಡುತ್ತಾನೆಂದು ಸೊಸೆ ಕಾದಳು. ಅವನು ಆಡಿದ. "ಹೊಟ್ಟೆ ಅಷ್ಟು ದೊಡ್ಡದಾಗಿದ್ರೆ ಹೇಳೇ, ಕ್ಯಾಂಟೀನಿನ ಹಂಡೆನೇ ಹೊತ್ಕೊಂಡು ಬರ್ತೀನಿ." ಎಲ್ಲರೂ ನಕ್ಕರು. ನಗು ಮುಗಿದ ಮೇಲೆ ಸೊಸೆ ಪಾತ್ರೆಯ ತಳವನ್ನು ಬ್ರೆಡ್ಡಿನ ಚೂರಿನಿಂದ ಒರೆಸಿ ತಿಂದಳು. ಐದು ತಿಂಗಳಿಂದ ದಿನವೂ ಅಷ್ಟೇ ತಿನ್ನುತ್ತಿದ್ದಳು.

ಮಾರನೇ ದಿನ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ಗುಂಡಿ ಆರಿಸುವ ಮೇಜಿನಿಂದ ಅವಳು ಜಾರಿ ಬಿದ್ದಳು. ಅವಳ ಜೊತೆ ನಲವತ್ತು ಸಾವಿರ ಗುಂಡಿ ಬಿದ್ದವು. ಬಿದ್ದ ಸದ್ದಿಗೆ ಬೀದಿಯವರು ಆಲಿಕಲ್ಲು ಮಳೆ ಎಂದು ಕೊಡೆ ಬಿಚ್ಚಿದರಂತೆ. ಹೊಸ ಮದುಮಗಳು ತಲೆ ತಿರುಗಿ ಬಿದ್ದರೆ ಹೆಂಗಸರಿಗೆ ಬೇರೆ ಕಾರಣ ಬೇಕೆ? ಅವಳನ್ನು ನರ್ಸಮ್ಮನ ಕೋಣೆಗೆ ಎತ್ತಿಕೊಂಡು ಹೋಗುವ ಮೊದಲೇ ಸುದ್ದಿ ಕ್ಯಾಂಟೀನಿಗೆ ಹಾರಿತ್ತು. ಸೌಟಪ್ಪ ಅಪ್ಪ ಆಗ್ತಾನಂತೆ! ಸೌಟಪ್ಪ ಹಿಗ್ಗಿ ಹೀರೇಕಾಯಿಯಾದ. ಸಾಲಿನಲ್ಲಿದ್ದವರಿಗೆಲ್ಲ ಎರಡೆರಡು ಸೌಟು ಸುರಿದ. ಮಗುವಿಗೆ ಹಾಲಿಗಿಂತ ಮೊದಲು ನಮ್ಮ ಮನೆ ಸೂಪೇ ಕುಡಿಸುವುದು, ನೋಡಿ, ಆರು ತಿಂಗಳಿಗೇ ಎದ್ದು ಓಡುತ್ತದೆ ಎಂದು ಘೋಷಿಸಿದ.

ಅಷ್ಟರಲ್ಲಿ ನರ್ಸಮ್ಮ ಕ್ಯಾಂಟೀನಿನ ಬಾಗಿಲಿಗೆ ಬಂದರು. ಮೆತ್ತಗೆ ಮಾತಾಡುವ ಅಭ್ಯಾಸ ಅವರಿಗಿರಲಿಲ್ಲ.

"ಮಗು ಗಿಗು ಏನಿಲ್ಲಪ್ಪ. ಅವಳ ಹೊಟ್ಟೇಲಿ ಏನೂ ಇಲ್ಲ. ಊಟಾನೂ ಇಲ್ಲ. ಒಂದು ಬಟ್ಟಲು ಗಂಜಿ ಕೊಡು."

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಇನ್ನೊಬ್ಬರು, "ಮರುದಿನ ಸಂಜೆ ತನಕ ಹಸಿವೇ ಇಲ್ಲ ಅಂತಿದ್ದ್ಯಲ್ಲೋ ಸೌಟಪ್ಪ" ಎಂದರು. ಆಮೇಲೆ ಯಾರೂ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು. ಮುನ್ನೂರು ಜನ ತಮ್ಮ ತಮ್ಮ ತಟ್ಟೆಯಲ್ಲಿದ್ದ ಎರಡನೇ ಸೌಟನ್ನು ನೋಡುತ್ತ ನಿಂತರು. ಇಲ್ಲಿ ನಾನು ಒಂದಕ್ಕೆ ಹತ್ತು ಸೇರಿಸಿ ಹೇಳುತ್ತಿಲ್ಲ. ಮುನ್ನೂರು ಎಂದರೆ ಮುನ್ನೂರೇ. ಸೌಟಪ್ಪ ಒಂದು ಬಟ್ಟಲಿಗೆ ಗಂಜಿ ಸುರಿದುಕೊಂಡ. ಬಟ್ಟಲು ಹಿಡಿದು ಆ ಸಾಲನ್ನು ದಾಟಿ ಹೋಗುವಷ್ಟರಲ್ಲಿ ಅರ್ಧ ಗಂಜಿ ಕೈಮೇಲೆ ಚೆಲ್ಲಿತ್ತು.

ಅವಳು ಕಬ್ಬಿಣದ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಮಧ್ಯಾಹ್ನ ಏನು ತಿನ್ನುತ್ತೀಯ ಎಂದು ಕೇಳಿದ. ಎರಡು ಚೂರು ಬ್ರೆಡ್ಡು, ಅದರ ಅಂಚನ್ನೂ ಕತ್ತರಿಸಿ ಸೂಪಿಗೆ ಎತ್ತಿಡುತ್ತೇನೆ ಎಂದಳು. ಕ್ಯಾಂಟೀನಿಗೆ ಯಾಕೆ ಬರಲಿಲ್ಲ ಎಂದ.

"ನಿಮ್ಮ ಸಾಲಲ್ಲಿ ನಾನೇ ಬಂದು ನಿಂತ್ರೆ ನಿಮ್ಮ ಮಾತು ಏನಾಗ್ತಿತ್ತು?"

ಅವನು ಬಟ್ಟಲನ್ನು ಮಂಚದ ಪಕ್ಕದಲ್ಲಿಟ್ಟ.

"ನಾನೇ ಏನೋ ತಪ್ಪು ಮಾಡ್ತಿದ್ದೀನಿ ಅಂದ್ಕೊಂಡಿದ್ದೆ," ಅವಳು ಗೋಡೆಗೇ ಹೇಳಿದಳು. "ನನ್ನ ಹಿಡಿ ಚಿಕ್ಕದೇನೋ, ನೀರು ಕಮ್ಮಿ ಹಾಕ್ತೀನೇನೋ ಅಂತ. ದಿನಾ ನಾಲ್ಕು ಬಟ್ಟಲಿಗೆ ಸರಿಯಾಗಿ ಮುಗಿದ್ಹೋಗತ್ತೆ. ಅದಕ್ಕೇ ನಿನ್ನೆ ಒಂದು ಹಿಡಿ..."

ಮುನ್ನೂರು ಜನಕ್ಕೆ ಅಳತೆಯಿಲ್ಲದೆ ಬೇಯಿಸುವ ಅಡುಗೆಯವನು ತನ್ನ ಮನೆಯ ಜನರನ್ನು ಮೊದಲ ಸಲ ಬೆರಳು ಮಡಚಿ ಎಣಿಸಿದ. ಹಿಡಿ ನಾಲ್ಕು. ಬಟ್ಟಲು ನಾಲ್ಕು. ಐದನೆಯ ಬೆರಳು ಹಾಗೇ ಎದ್ದು ನಿಂತಿತ್ತು. ಮದುವೆಯ ವಾರ ಅಪ್ಪ ಒಂದು ನೀಲಿ ಅಂಚಿನ ಬಟ್ಟಲು ತಂದದ್ದು ನೆನಪಾಯಿತು. ಹೊಸ ಸೊಸೆಗೆ ಎಂದು ತಂದದ್ದು. ಅದರಲ್ಲಿ ಉಣ್ಣುತ್ತಿದ್ದವರು ಯಾರು? ಅಮ್ಮ. ಅದಕ್ಕೂ ಮೊದಲು ಅಮ್ಮ ಯಾವುದರಲ್ಲಿ ಉಣ್ಣುತ್ತಿದ್ದರು? ಎಷ್ಟು ತಡಕಿದರೂ ಅವನಿಗೆ ಅಂಥದ್ದೊಂದು ಬಟ್ಟಲು ನೆನಪಿಗೆ ಬರಲಿಲ್ಲ.

ಸಂಜೆ ಹೆಂಡತಿಯನ್ನು ಕೈಹಿಡಿದು ನಡೆಸಿಕೊಂಡು ಬಂದ. ನಡೆದದ್ದನ್ನು ಅಪ್ಪನ ಮುಂದೆ, ತಮ್ಮನ ಮುಂದೆ ಹೇಳಿದ. ಆಮೇಲೆ ಒಲೆಯ ಹತ್ತಿರ ಹೋದ.

"ಒಂದು ಕಡಿಮೆ ಯಾಕಮ್ಮ?"

ಉತ್ತರ ಹೇಳಿದ್ದು ಮಾವನವರು. ಸೂಪು ತಿಳಿಯಾಗಲಿಕ್ಕೆ, ಅದರಲ್ಲೇ ಅದರ ಜೀವ ಇರುವುದು ಎಂದು ಶುರುಮಾಡಿದರು. ಅರ್ಧಕ್ಕೆ ನಿಲ್ಲಿಸಿದರು. ಹೆಂಡತಿಯ ಮುಖ ನೋಡಿದ್ದರು.

ಅತ್ತೆ ಸೌಟನ್ನು ಕೆಳಗಿಟ್ಟರು. ಗಟ್ಟಿ ಹೆಂಗಸು. ಬೀದಿಯ ನಾಯಿಗಳು ಅವರ ಕೆಮ್ಮಿಗೇ ಬಾಲ ಮುದುರಿಕೊಳ್ಳುತ್ತಿದ್ದವು. ಈಗ ಅವರ ದನಿ ಪಾತ್ರೆಯ ತಳದಿಂದ ಬಂದಂತಿತ್ತು.

"ಮಾಡೋಳ ಪಾಲು ಕಣೋ ಅದು. ಆ ಒಂದು ಹಿಡಿ. ನಿಮ್ಮಜ್ಜಿ ನನ್ನ ಕಿವೀಲಿ ಹೇಳಿದ್ರು, ಗಂಡಸರಿಗೆ ಹೇಳ್ಬೇಡ, ಹೇಳಿದ್ರೆ ಅವ್ರಿಗೆ ಊಟ ರುಚಿಸಲ್ಲ ಅಂತ. ಮೂವತ್ತೊಂದು ವರ್ಷ ಹೇಳ್ಲಿಲ್ಲ. ನನ್ನದು ಆಮೇಲೆ, ನನ್ನದು ಆಮೇಲೆ ಅಂದ್ಕೊಂಡು ತಳ ಒರೆಸಿ ತಿಂದೆ."

"ಇವಳಿಗಾದ್ರೂ ಹೇಳ್ಬಾರ್ದಿತ್ತಾ?"

"ಹೇಳೋಣ ಅಂತಲೇ ಇದ್ದೆ." ಅತ್ತೆ ಸೊಸೆಯ ಕಡೆ ನೋಡಲಿಲ್ಲ. "ಮೊದಲ್ನೇ ದಿನ ಇವಳು ಒಲೆ ಮುಂದೆ ನಿಂತ್ಲು, ನಾನು ಮೇಜಿಗೆ ಬಂದು ಕೂತೆ. ಆ ನೀಲಿ ಬಟ್ಟಲು ನನ್ನ ಮುಂದೆ ಬಂತು. ಬಿಸಿಬಿಸಿ. ತುಂಬ. ನಾನು ಅದನ್ನ ಕೂತ್ಕೊಂಡು ಕುಡಿದೆ ಕಣೋ... ಮಾರನೇ ದಿನ ಹೇಳೋಣ ಅಂದ್ಕೊಂಡೆ. ಮಾರನೇ ದಿನಾನೂ ಕುಡಿದೆ. ನಿನ್ನೆ ಇವಳು ಐದು ಅಂದಾಗ ನನಗೆ ಗೊತ್ತಾಯ್ತು, ಇವಳಿಗೆ ಎಷ್ಟು ಹಸಿವು ಅಂತ. ನನ್ನಷ್ಟು ಚೆನ್ನಾಗಿ ಇನ್ಯಾರಿಗೆ ಗೊತ್ತಿರತ್ತೆ? ಗೊತ್ತಿದ್ದೂ ಡಬ್ಬಿಗೆ ತೆಗೆದಿಟ್ಟೆ."

ಮಾವನವರ ಅಂಗಡಿಯ ಕೋಣೆಯಲ್ಲಿ ರಿಪೇರಿಯಾದ ಗಡಿಯಾರಗಳೆಲ್ಲ ಒಟ್ಟಿಗೆ ಟಿಕ್ ಟಿಕ್ ಎನ್ನುತ್ತಿದ್ದವು. ಅರೆ ಸೆಕೆಂಡಿನ ತಪ್ಪನ್ನು ಹಿಡಿಯುವ ಕಿವಿ, ಮೂವತ್ತೊಂದು ವರ್ಷ ಒಂದು ಬಟ್ಟಲಿನ ಸದ್ದು ಕಡಿಮೆ ಇದ್ದದ್ದನ್ನು ಕೇಳಿಸಿಕೊಂಡಿರಲಿಲ್ಲ. ಆ ದೊಡ್ಡ ಮನುಷ್ಯ ತಲೆ ತಗ್ಗಿಸಿ, ಮೇಜಿನ ಮೇಲೆ ಇಲ್ಲದ ಪುಡಿಯನ್ನು ಬೆರಳಿನಿಂದ ಗುಡಿಸುತ್ತ ಕೂತರು.

ಅತ್ತೆ ಬೇಳೆಯ ಡಬ್ಬಿ ತೆಗೆದರು. ಒಂದೊಂದೇ ಹಿಡಿಯಾಗಿ ಐದು ಹಾಕಿದರು. ನಿನ್ನೆ ಎತ್ತಿಟ್ಟದ್ದನ್ನೂ ಸುರಿದರು. ಕುದಿಯುವ ತನಕ ಒಬ್ಬರೂ ಅಲ್ಲಿಂದ ಏಳಲಿಲ್ಲ. ನೀಲಿ ಅಂಚಿನ ಬಟ್ಟಲನ್ನು ತುಂಬಿಸಿ ಸೊಸೆಯ ಮುಂದೆ ಇಟ್ಟರು. ಗಂಡಸರ ಮೂರು ಬಟ್ಟಲು ತುಂಬಿಸಿದರು. ಆಮೇಲೆ ಹಳೇ ಅಭ್ಯಾಸದಂತೆ ಒಲೆಯ ಪಕ್ಕ ಹೋಗಿ ನಿಂತರು. ಐದನೆಯ ಬಟ್ಟಲು ಆ ಮನೆಯಲ್ಲಿರಲಿಲ್ಲ.

"ನೀನು?" ಮಾವನವರು ಕೇಳಿದರು.

"ನನ್ನದು ಆಮೇ..." ಎಂದವರು ಅಲ್ಲೇ ತಡೆದು ನಿಂತರು.

ಮಾವನವರು ಎದ್ದು ಹೋಗಿ ಪಾತ್ರೆಯ ಮುಚ್ಚಳವನ್ನು ಅಂಗಾತ ತಿರುಗಿಸಿ, ಅದಕ್ಕೇ ಸೂಪು ಹಾಕಿ ತಮ್ಮ ಕುರ್ಚಿಯ ಮುಂದಿಟ್ಟರು. ಹೆಂಡತಿಯನ್ನು ಅಲ್ಲಿ ಕೂರಿಸಿ ತಮ್ಮ ಬಟ್ಟಲು ಹಿಡಿದು ಒಲೆಯ ಪಕ್ಕ ನಿಂತರು. ನಿಂತು ಉಣ್ಣುವುದು ಅವರಿಗೆ ಬರುತ್ತಿರಲಿಲ್ಲ, ಗಡ್ಡಕ್ಕೆ ಚೆಲ್ಲಿಕೊಂಡರು. ಏನಾದರೂ ಹೇಳಬೇಕಲ್ಲ ಎಂದು ಕೇಳಿದರು.

"ಹೇಗಿತ್ತೇ? ಆವತ್ತು ಮೊದಲ ಸಲ ಕುಳಿತು ಕುಡಿದಾಗ?"

ಅತ್ತೆ ಮುಚ್ಚಳದ ಮೇಲಿನ ಆವಿಯನ್ನು ಊದಿದರು.

"ಉಪ್ಪು ಕಮ್ಮಿ ಇತ್ತು," ಅಂದರು. "ನಾನು ಹೇಳಿಕೊಟ್ಟ ಅಳತೇನೇ ಹಾಕಿದ್ಲು ಇವಳು. ಅಷ್ಟು ವರ್ಷಾನೂ ಕಮ್ಮಿನೇ ಇತ್ತೇನೋ, ತಳ ಒರೆಸಿದ ಬ್ರೆಡ್ಡಲ್ಲಿ ನನಗೆ ಗೊತ್ತಾಗ್ಲಿಲ್ಲ. ಒಬ್ಬರಾದ್ರೂ ಹೇಳ್ಬಾರ್ದಿತ್ತಾ?"

ಲೋಕವೇ ಬಾಯಿ ಚಪ್ಪರಿಸುವ ಸೂಪು ಎಂದು ಊರೆಲ್ಲ ಸಾರಿದ ಮೂವರು ಗಂಡಸರೂ ಕತ್ತು ಎತ್ತಲಿಲ್ಲ. ಪಕ್ಕದಲ್ಲಿ ಕೂತಿದ್ದ ಸೊಸೆ ಉಪ್ಪಿನ ಡಬ್ಬಿಯನ್ನು ಎಳೆದುಕೊಂಡಳು. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ. ಒಂದು ಚಿಟಿಕೆಯನ್ನು ಅತ್ತೆಯ ಮುಚ್ಚಳಕ್ಕೆ ಹಾಕಿದಳು, ಒಂದನ್ನು ತನ್ನ ಬಟ್ಟಲಿಗೆ ಹಾಕಿಕೊಂಡಳು. ಡಬ್ಬಿ ಮುಚ್ಚಿ, ಗಂಡಸರ ಕೈಗೆ ಎಟುಕದಷ್ಟು ದೂರ ಇಟ್ಟಳು.