ಎರಡ್ಸಲ ನೋಡದ ವಾಲ್ವು

ಪೊಲೀಸರ ಕೆಲಸವನ್ನೂ ಫಿಟ್ಟರ್‌ಗಳ ಕೆಲಸವನ್ನೂ ನನಗಿಂತ ಚೆನ್ನಾಗಿ ಬಲ್ಲವರು ಹೇಳಬೇಕಿದ್ದ ಕತೆಯಿದು. ಅವರಾರೂ ಹೇಳಲಿಲ್ಲ. ನಾನು ಹೇಳುವುದರಲ್ಲಿ ತಪ್ಪಿದ್ದರೆ ಬಲ್ಲವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಸೋಮವಾರ ಬೆಳಗ್ಗೆ ಹತ್ತು ಗಂಟೆಗೆ ಒಬ್ಬ ಹೆಂಗಸು ಠಾಣೆಗೆ ಬಂದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ತೊಟ್ಟಿ ತೊಳೆಯುತ್ತಿದ್ದ ಅವಳ ಗಂಡ ಶುಕ್ರವಾರ ತೊಟ್ಟಿಯೊಳಗಿದ್ದಾಗಲೇ ಕುದಿನೀರು ನುಗ್ಗಿ ಸತ್ತಿದ್ದ. ವಾಲ್ವು ಮುಚ್ಚದೆ ಇಳಿದದ್ದು ಅವನದೇ ತಪ್ಪು ಎಂದು ಕಾರ್ಖಾನೆಯವರು ಹೇಳಿಕೆ ಕೊಟ್ಟಿದ್ದರು.

"ಬೀಗ ಹಾಕಿ ಮತ್ತೆ ಎಳೆದು ನೋಡೋ ಮನುಷ್ಯ ಸಾರ್. ಬೀದಿ ಕೊನೆಗೆ ಹೋದವರು ವಾಪಸ್ ಬಂದು ಒಲೆ ಆರಿಸಿದೀನಾ ಅಂತ ನೋಡೋರು. ಕಾರ್ಖಾನೇಲಿ ಅವರ ಹೆಸರೇ ಎರಡ್ಸಲ ಅಂತ ಆಗಿತ್ತು."

"ಈಗ ಏನಾಗಬೇಕು ಹೇಳಿಯಮ್ಮ," ಎಂದರು ಇನ್‌ಸ್ಪೆಕ್ಟರ್.

"ಮಗಳು ಕೇಳ್ತಾಳೆ, ಅಪ್ಪ ಮರೆತುಬಿಟ್ರಾ ಅಂತ. ಮರೀಲಿಲ್ಲ ಅಂತ ಯಾರಾದ್ರೂ ಹೇಳ್ಬೇಕು."

ಅವಳ ಜೊತೆ ಬಂದಿದ್ದ ಅಣ್ಣ ಬಾಗಿಲಾಚೆಯೇ ನಿಂತಿದ್ದ. ಅವನು ಅದೇ ಕಾರ್ಖಾನೆಯ ಹಿರಿಯ ಫಿಟ್ಟರ್. ಕರೆದರೂ ಒಳಗೆ ಬರಲಿಲ್ಲ.

ಎಫ್ಐಆರ್ ದಾಖಲಾಯಿತು. ಮಧ್ಯಾಹ್ನ ಸ್ಥಳ ಪಂಚನಾಮೆ ನಡೆಯಿತು.

ಅದು ಬಟರ್‌ಫ್ಲೈ ವಾಲ್ವು. ಪೈಪಿನೊಳಗೆ ತಟ್ಟೆಯಂಥ ಉಕ್ಕಿನ ಬಿಲ್ಲೆಯೊಂದಿರುತ್ತದೆ. ಬಿಲ್ಲೆಯ ದಂಡ ಮೇಲೆ ಬಂದು ಗೇರ್ ಪೆಟ್ಟಿಗೆಗೆ ಸೇರುತ್ತದೆ. ಚಕ್ರ ತಿರುಗಿಸಿದರೆ ಬಿಲ್ಲೆ ಅಡ್ಡ ನಿಂತು ನೀರು ತಡೆಯುತ್ತದೆ. ಒಳಗಿನದು ಹೊರಗಿನವರಿಗೆ ಕಾಣದು. ಪೆಟ್ಟಿಗೆಯ ಮೇಲಿನ ಮುಳ್ಳನ್ನೇ ನಂಬಬೇಕು. ಮುಳ್ಳು 'ತೆರೆ' ಎಂಬಲ್ಲಿತ್ತು. ಗುರುವಾರವಷ್ಟೇ ಫಿಟ್ಟರ್ ಈ ವಾಲ್ವನ್ನು ಬಿಚ್ಚಿ, ಒಳಗಿನ ರಬ್ಬರ್ ಬಳೆ ಬದಲಿಸಿ, ಮತ್ತೆ ಜೋಡಿಸಿ ಬಣ್ಣ ಹೊಡೆದಿದ್ದ.

"ನಮ್ಮ ಜೀಪಿಗೂ ಇವರ ಹತ್ರಾನೇ ಬಣ್ಣ ಹೊಡೆಸ್ಬೇಕು ಸಾರ್," ಎಂದರು ಹೆಡ್ ಕಾನ್‌ಸ್ಟೇಬಲ್, ಬಗ್ಗಿ ನೋಡುತ್ತ. "ಆದ್ರೆ ಪೆಟ್ಟಿಗೆಯ ನಾಲ್ಕು ಬೋಲ್ಟಿಗೆ ಮಾತ್ರ ಕಜ್ಜಿ ಹತ್ತಿದ ಹಾಗಿದೆ, ನೋಡಿ."

ನಾಲ್ಕು ಬೋಲ್ಟುಗಳ ತಲೆಯಲ್ಲೂ ಬಣ್ಣ ಎದ್ದಿತ್ತು. ಬಣ್ಣ ಹೊಡೆದ ಮೇಲೆ ಯಾರೋ ಬಿಚ್ಚಿದ್ದರು.

ಬಾಯ್ಲರ್ ನೋಡಿಕೊಳ್ಳುವವನನ್ನು ಕರೆಸಿದರು.

"ಕೂಗು ಕೇಳಿದಾಗ ಏನ್ಮಾಡಿದೆ?"

"ಬೇರೆ ತೊಟ್ಟಿಗೆ ಅಂತ ಆಗಷ್ಟೇ ಬಿಸಿನೀರಿನ ಪಂಪು ಹಾಕಿದ್ದೆ ಸಾರ್. ಓಡಿಬಂದು ಮುಚ್ಚೋ ಕಡೆ ತಿರುಗಿಸಿದೆ. ತಿರುಗಲಿಲ್ಲ. ಮೊದಲೇ ಪೂರ್ತಿ ಬಿಗಿಯಾಗಿತ್ತು."

"ಅಂದ್ರೆ ನಿಮ್ಮ 'ಎರಡ್ಸಲ' ವಾಲ್ವು ಮುಚ್ಚಿಯೇ ಇಳಿದಿದ್ದ. ಮತ್ತೆ ನೀರು ನಿಂತದ್ದು ಹೇಗೆ?"

"ಫಿಟ್ಟರ್ ಅಣ್ಣ ಬಂದು ನನ್ನ ತಳ್ಳಿ ಉಲ್ಟಾ ತಿರುಗಿಸಿದ್ರು. ನಿಂತೋಯ್ತು."

"ಉಲ್ಟಾ ಅಂದ್ರೆ, ತೆರೆಯೋ ಕಡೆ?"

ಅವನು ಗಾಳಿಯಲ್ಲೇ ಚಕ್ರ ತಿರುಗಿಸುವಂತೆ ಕೈಯಾಡಿಸಿ ನೋಡಿದ. "ಹೌದಲ್ವಾ ಸಾರ್..."

"ಇದನ್ನ ಯಾರಿಗೂ ಯಾಕೆ ಹೇಳ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಮರುದಿನ ಬೇರೊಂದು ಕಾರ್ಖಾನೆಯ ಮೆಕ್ಯಾನಿಕ್‌ನನ್ನು ಕರೆಸಿ, ಪಂಚರ ಮುಂದೆ ವಾಲ್ವನ್ನು ಬಿಚ್ಚಿಸಿದರು. ಈಗ ಮುಳ್ಳೂ ಬಿಲ್ಲೆಯೂ ಸರಿಯಾಗಿ ಹೊಂದಿದ್ದವು. ಆದರೆ ದಂಡದ ತುದಿ ಚೌಕ. ಪೆಟ್ಟಿಗೆಯನ್ನು ಅದರ ಮೇಲೆ ಯಾವ ಕಡೆಗೆ ಬೇಕಾದರೂ ಕೂರಿಸಬಹುದು. ಅದನ್ನು ಹಿಡಿದಿಡುವ ತಿರುಪು ದಂಡದ ಒಂದು ಮುಖದಲ್ಲಿ ಹಳೆಯ, ಮಸಿ ಹಿಡಿದ ಗುಳಿ ಮಾಡಿತ್ತು. ಪಕ್ಕದ ಮುಖದಲ್ಲಿ ಹೊಸದಾಗಿ ಹೊಳೆಯುವ ಇನ್ನೊಂದು ಗುಳಿಯಿತ್ತು. ಪೆಟ್ಟಿಗೆಯನ್ನು ಒಮ್ಮೆ ಅಡ್ಡಡ್ಡ ಕೂರಿಸಲಾಗಿತ್ತು. ಆಗ ಮುಳ್ಳು 'ಮುಚ್ಚು' ಎಂದರೆ ಬಿಲ್ಲೆ ತೆರೆದಿರುತ್ತಿತ್ತು.

ಸಂಜೆ ಫಿಟ್ಟರ್ ತಂಗಿಯ ಮನೆಯಲ್ಲೇ ಸಿಕ್ಕ. ಇನ್‌ಸ್ಪೆಕ್ಟರ್‌ರನ್ನು ಕಂಡು ಎದ್ದು ನಿಂತ.

"ಮುಂಚೇನೇ ಬರ್ತೀರ ಅಂದ್ಕೊಂಡಿದ್ದೆ."

"ಹೇಗಾಯ್ತು?"

"ಬಿಲ್ಲೆ ಯಾವ ಕಡೆ ಇದೆ ಅಂತ ತೋರ್ಸೋಕೆ ದಂಡದ ನೆತ್ತಿ ಮೇಲೆ ಒಂದು ಗೀರು ಇರುತ್ತೆ ಸಾರ್. ನನ್ನ ಕಣ್ಣಿಗೆ ಮಂಜು ಕವಿದು ಬಹಳ ದಿನ ಆಯ್ತು. ಉಗುರಲ್ಲಿ ತಡಕಾಡಿದೆ. ಸಿಕ್ಕಿದ್ದು ಬೇರೆ ಗೀರು."

"ಜೋಡಿಸಿದ ಮೇಲೆ ಒಬ್ಬ ಚಕ್ರ ತಿರುಗಿಸಿ, ಇನ್ನೊಬ್ಬ ಒಳಗೆ ಇಣುಕಿ ನೋಡ್ಬೇಕಲ್ವಾ?"

"ತಂಗಿ ಗಂಡನನ್ನೇ ಕರೆದೆ. 'ನೀವು ಜೋಡಿಸಿದ್ದಕ್ಕೆ ನಾನೇನು ನೋಡೋದು ಭಾವ' ಅಂದ. ನಾನೇ ಇಣುಕಿದೆ. ಕತ್ತಲೆ ಕಂಡಿತು. ಮುಚ್ಚಿದೆ ಅಂದ್ಕೊಂಡೆ."

"ಆಮೇಲೆ ಬಿಚ್ಚಿ ಸರಿಮಾಡಿದ್ದು?"

"ಅವನನ್ನ ಆಸ್ಪತ್ರೆಗೆ ಒಯ್ದ ಮೇಲೆ. ಕೈ ತಾನಾಗಿ ಮಾಡ್ತು."

"ತಂಗಿ ಜೊತೆ ಠಾಣೆವರೆಗೂ ಬಂದೆಯಲ್ಲಪ್ಪ."

"ಒಬ್ಬಳೇ ಹೋಗ್ತೀನಿ ಅಂದಳು. ಹೇಗೆ ಬಿಡ್ಲಿ?"

"ಕಣ್ಣಿನ ವಿಷಯ ಯಾಕೆ ಮುಚ್ಚಿಟ್ಟೆ?"

"ಹೇಳಿದ್ರೆ ಗೇಟಿನ ಹತ್ರ ಕೂರಿಸ್ತಾರೆ. ಕೈಲಿ ಸ್ಪ್ಯಾನರ್ ಇಲ್ಲ ಅಂದ್ರೆ ನಾನು ಯಾರು ಸಾರ್?"

ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶ: ಸಂಜೆ ಆರೂವರೆಗೆ ದಸ್ತಗಿರಿಯಾಯಿತು. ಹೊಸ್ತಿಲಲ್ಲಿ ಚಪ್ಪಲಿಗಾಗಿ ಅವನ ಕಾಲು ತಡಕಾಡಿತು. ತಂಗಿ ಬಗ್ಗಿ ಚಪ್ಪಲಿಯನ್ನು ಅವನ ಕಾಲಿನ ಬಳಿ ಸರಿಸಿದಳು. ಮುಖ ಎತ್ತಲಿಲ್ಲ.

"ಮಗಳಿಗೆ ಹೇಳಿಯಮ್ಮ," ಎಂದರು ಇನ್‌ಸ್ಪೆಕ್ಟರ್, "ಅಪ್ಪ ಮರೆತಿರಲಿಲ್ಲ."

"ಮಾವ ಎಲ್ಲಿ ಅಂತ ಕೇಳಿದ್ರೆ?"

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆ ಹೊರತೆಗೆದರು.

"ಅಣ್ಣನ ಕಣ್ಣು ಸರಿಯಿಲ್ಲ ಅಂತ ಅವರಿಗೆ ಗೊತ್ತಿತ್ತು ಸಾರ್," ಎಂದಳು ಅವಳು. "ಊಟಕ್ಕೆ ಕೂತಾಗ ನೀರಿನ ಲೋಟಾನ ಅವರೇ ಅಣ್ಣನ ಕೈ ಹತ್ರ ಇಡೋರು. ಯಾರಿಗೂ ಹೇಳ್ಬೇಡ, ಭಾವನಿಗೆ ನೋವಾಗುತ್ತೆ ಅಂದಿದ್ರು."

ಇದನ್ನೂ ಹೇಳಿಕೆಯಲ್ಲಿ ಸೇರಿಸಲಾಯಿತು.

ಎಲ್ಲವನ್ನೂ ಎರಡು ಸಲ ನೋಡುತ್ತಿದ್ದ ಮನುಷ್ಯ, ಗೊತ್ತಿದ್ದೂ, ಆ ವಾಲ್ವನ್ನು ಒಂದು ಸಲವೂ ಏಕೆ ನೋಡಲಿಲ್ಲ? ನೋಡಿದರೆ ಭಾವನನ್ನು ನಂಬದ ಹಾಗಾದೀತು ಎಂದೋ, ಆ ಕೈಗಳಿಗೆ ಕಣ್ಣೇ ಬೇಡವೆಂಬ ಭರವಸೆಯಿಂದಲೋ. ದೋಷಾರೋಪ ಪಟ್ಟಿಯಲ್ಲಿ ಅದಕ್ಕೆ ಉತ್ತರವಿಲ್ಲ. ನನಗೂ ಗೊತ್ತಿಲ್ಲ.