ಪಿಂಗಾಣಿ ಬಿಲ್ಲೆಯ ಬೆಳಕು

“ಬಾಗಿಲಾ ಹಾಕ್ರಿ!”

ಕತ್ತಲೆಯೊಳಗಿಂದ ಬಂದ ಗಂಡುದನಿಗೆ ತ್ರಿಶಲಾ ಬೆಚ್ಚಿದಳು. ಬಾಗಿಲು ಹಾಕಿದಳು ನಿಜ, ಆದರೆ ಗಾಬರಿಯಲ್ಲಿ ತಾನೂ ಒಳಗೇ ಉಳಿದಳು!

“ಅರ್ಧಾ ತಾಸು ಕಣ್ಣಿಗೆ ಕತ್ತಲಿ ರೂಢಿ ಮಾಡಿಸಿದ್ದೆ. ಎಲ್ಲಾ ಹಾಳಾತು.”

“ತಪ್ಪಾತ್ರಿ... ಹೊಸಾ ಸಹಾಯಕಿ ನಾನು. ಕುಲಗೋಡದಾಕಿ.”

“ಹಂಗಾರ ಕುಂದರ್ರಿ. ಇಬ್ಬರೂ ಕೂಡೇ ಕಾಯೂಣು.”

ಹೀಗೆ ಮುಖ ನೋಡುವ ಮೊದಲೇ ಇಬ್ಬರೂ ಒಂದೇ ಕತ್ತಲೆಯಲ್ಲಿ ಕೂತರು. ಹೆಣ್ಣು ನೋಡಲು ಬಂದು ಇದಕ್ಕಿಂತ ಕಡಿಮೆ ಕಂಡು ಒಪ್ಪಿದವರೂ ನಮ್ಮಲ್ಲಿದ್ದಾರೆ.

ಅದು ೨೦೦೩ರ ಮಳೆಗಾಲ. ಆ ದನಿ ಗೋಕಾಕದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಗುರುಪಾದನದು. ಅವನ ಹಂಬಲ ಸಣ್ಣದೇನಲ್ಲ: ಡೀಸೆಲ್ ಹೊಗೆಯ ಮಸಿಯನ್ನು ಸುಡಬೇಕು. ಅದಕ್ಕೊಂದು ಪಿಂಗಾಣಿ ಬಿಲ್ಲೆ, ಮೈತುಂಬ ಕಣ್ಣಿಗೆ ಕಾಣದ ರಂಧ್ರ. ಎರಡೂ ಬದಿಗೆ ತಂತಿಜಾಲರಿ. ವಿದ್ಯುತ್ತಿನ ಒತ್ತಡ ಕಡಿಮೆಯಿದ್ದರೆ ಬಿಲ್ಲೆಯ ಮೇಲಷ್ಟೇ ಮಂಕು ಹೊಳಪು. ಒಂದು ಮಿತಿ ದಾಟಿದರೆ ರಂಧ್ರಗಳ ಒಳಗೇ ಕಿಡಿ ಹುಟ್ಟಿ ಆಚೆ ಹಾಯಬೇಕು. ಹಾದದ್ದನ್ನು ಅವನಿನ್ನೂ ಕಂಡಿರಲಿಲ್ಲ.

ಬಿಲ್ಲೆ ಮಳೆಯ ತೇವ ಕುಡಿಯುತ್ತಿತ್ತು. ಒಲೆಯಲ್ಲಿ ಕಾಯಿಸಿ ಒಣಗಿಸುವುದರೊಳಗೆ ಮಧ್ಯಾಹ್ನ ಕಳೆಯುತ್ತಿತ್ತು.

ಮೊದಲ ವಾರ ಒಂದು ಸಂಜೆ ತ್ರಿಶಲಾ ಕತ್ತಲಾಗುವವರೆಗೂ ಕೆಲಸಕ್ಕೆ ನಿಂತಳು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ತುತ್ತಿಲ್ಲ. ಹಸಿದೇ ಮಲಗಿ, ಮರುದಿನ ಪ್ರಯೋಗಾಲಯದಲ್ಲಿ ತಲೆ ತಿರುಗಿ ಬಿದ್ದಳು.

“ಏನಾತ್ರಿ?”

“ಏನಿಲ್ಲ ಬಿಡ್ರಿ,” ಎಂದಳು.

ಅಂದಿನಿಂದ ನಾಲ್ಕೂವರೆಗೆ ಅವನು ಸ್ವಿಚ್ ಆರಿಸತೊಡಗಿದ.

“ಸಾಕ್ರಿ ಇವತ್ತಿಗೆ. ಬಸ್ಸಿಗೆ ಹೋಗ್ರಿ.”

‘ಒಮ್ಮೆ ಬಿದ್ದಿದ್ದಕ್ಕೆ ನಾನು ಕೈಲಾಗದವಳೇ? ಅಥವಾ ನನ್ನನ್ನು ಕಳಿಸಿ, ಆ ಬೆಳಕನ್ನು ಒಬ್ಬನೇ ನೋಡುವ ಆಸೆಯೇ?’ ಎರಡನೆಯ ಅನುಮಾನ ಹೆಚ್ಚು ನೋಯಿಸಿತು. ಅವನನ್ನು ಆಗಲೇ ಮೆಚ್ಚಿದ್ದಳಲ್ಲವೇ...

ಒಂದು ದಿನ ಬಿಲ್ಲೆಯ ಅಂಚಿನಲ್ಲಿ ಏನೋ ಮಿನುಗಿತು. ಅದೇ ಹೊತ್ತಿಗೆ ಅವನ ಕೈ ಸ್ವಿಚ್ಚಿಗೆ ಹೋಯಿತು!

“ನಾಳಿಯಿಂದ ನಾ ಬರಂಗಿಲ್ರಿ. ಹುಕ್ಕೇರಿ ಸಾಲ್ಯಾಗ ನೌಕರಿ ಕರದಾರ.”

ಅವನ ಮುಖ ಬಿಳಿಚಿತು. “ನಿಮ್ಮ ಇಚ್ಛಾ...” ಎಂದನಷ್ಟೆ.

ಬೆಳಗಿನಿಂದಲೇ ಇದ್ದ ಮುನಿಸಿನಲ್ಲಿ ಮಧ್ಯಾಹ್ನದ ಬುತ್ತಿಯನ್ನೂ ಬಿಚ್ಚಿರಲಿಲ್ಲ. ಅದನ್ನು ಎದೆಗವಚಿ ಬಸ್ಸಿನಲ್ಲಿ ಕೂತಳು.

ಕಂಡಕ್ಟರ್ ಸಾತಪ್ಪ ಹತ್ತಿರ ಬಂದ. “ಯಾಕ್ರಿ ಅಕ್ಕಾರ, ಮಾರಿ ಸಣ್ಣಾಗೇತಿ? ನಿಮ್ಮ ಸರ್‌ಗೆ ಹೇಳ್ರಿ, ನನ್ನ ಬಸ್ಸು ದಿನಾ ಟೈಮಿಗೇ ಬಿಡತೈತಿ, ದಿನಾ ಬಂದು ಬೆನ್ನ ಹತ್ತೂದು ಬ್ಯಾಡ!”

“ಯಾಕ ಬೆನ್ನ ಹತ್ತತಾರ?”

“ನೀವು ಬಿದ್ದ ದಿನಾ ‘ಆಕಿಗೇನಾಗೇತಿ’ ಅಂತ ನನ್ನ ಕೇಳಿದ್ರು. ‘ಹೊತ್ತ ಮುಳುಗಿದ್ರ ಅವರು ಉಣ್ಣಂಗಿಲ್ರಿ’ ಅಂದೆ. ಅವತ್ತಿಂದ ಒಂದ ಹಾಡು: ‘ಬೆಳಕಿದ್ದಾಗ ಕುಲಗೋಡ ಮುಟ್ಟಸ್ರಿ, ಆಕಿ ಉಣಬೇಕು.’”

ತ್ರಿಶಲಾ ಬುತ್ತಿ ಹಿಡಿದೇ ಎದ್ದು ನಿಂತಳು. “ಇಳೀಬೇಕ್ರಿ...”

ಪ್ರಯೋಗಾಲಯದಲ್ಲಿ ಅವನು ಆರಿದ ಯಂತ್ರದ ಮುಂದೆ ಸುಮ್ಮನೆ ಕೂತಿದ್ದ.

“ಸಾತಪ್ಪ ಎಲ್ಲಾ ಹೇಳಿದ. ನನಗ ಯಾಕ ಹೇಳಲಿಲ್ರಿ?”

“ನಿಮ್ಮ ವ್ರತಾ, ನಾ ಎತ್ತಿ ಆಡೂದು ಸರಿ ಅನಸಲಿಲ್ಲ.”

“ಒಬ್ಬರೇ ಹಚ್ಚಿ ನೋಡ್ತಿದ್ರೇನು?”

“ನೀವು ಹ್ವಾದಮ್ಯಾಲೆ ಒಮ್ಮಿನೂ ಹಚ್ಚಿಲ್ಲ.”

ಅವಳು ಬುತ್ತಿ ಬಿಚ್ಚಿದಳು. “ಇನ್ನೂ ಹೊತ್ತೈತಿ. ಇಲ್ಲೇ ಉಣ್ಣೂಣು. ಕಡೀ ಬಸ್ಸಿಗೆ ಹೋಗ್ತೇನಿ.”

ಅವನು ತನ್ನ ಬುತ್ತಿಯಿಂದ ಮುಂದಿಟ್ಟ ಶೇಂಗಾ ಚಟ್ನಿಯಲ್ಲಿ ಜೈನರು ತಿನ್ನದ ಬೆಳ್ಳುಳ್ಳಿ ಇರಲಿಲ್ಲ. ಎಷ್ಟು ದಿನದಿಂದ ಇರಲಿಲ್ಲವೋ! ಅವಳು ಈಗ ಗಮನಿಸಿದಳು.

ಉಂಡು, ಕಿಟಕಿಗೆ ಕರಿಬಟ್ಟೆ ಎಳೆದು ಕಾದರು. ಒತ್ತಡ ಏರಿತು. ಮಂಕು ಹೊಳಪು... ಅಂಚಿನಲ್ಲೊಂದು ಮಿನುಗು... ಒಮ್ಮೆಲೇ ಬಿಲ್ಲೆಯ ಒಡಲಲ್ಲೆಲ್ಲ ನೀಲಿ ಎಳೆಗಳು ಹಾದವು!

ಅವನ ಕಣ್ಣು ಒದ್ದೆಯಾದದ್ದು ಆ ಬೆಳಕಿನಲ್ಲೇ ಅವಳಿಗೆ ಕಂಡಿತು.

“ಬಳ್ಳೊಳ್ಳಿ ಬ್ಯಾಡಂದಾಗ ನಿಮ್ಮವ್ವ ಏನಂದ್ರು?”

“‘ಯಾರ ಮಗಳಲೇ ಆಕಿ?’ ಅಂದ್ಲು.”

“ನೀವು?”

“ಆಕಿನ್ನ ಇನ್ನೂ ಕೇಳಿಲ್ಲವ್ವಾ ಅಂದೆ.”

ತನ್ನಪ್ಪನ ಸಿಟ್ಟಿನ ಮುಖ ಅವಳ ಕಣ್ಮುಂದೆ ಬಂತು. ಜೈನನಲ್ಲದವನನ್ನು ಒಪ್ಪಿದರೆ ಅದನ್ನೂ ಎದುರಿಸಬೇಕು... ಕತ್ತಲೆಯಲ್ಲಿ ಅವನ ಕೈ ಹುಡುಕಿ ಹಿಡಿದಳು.

“ಈಗ ಕೇಳ್ರಿ.”